ಪಡಸಾಲೆಯ ಮೂರು ಬಾಟಲಿ

ಹೋದ ವಾರ ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ನರ್ಸ್ ಆಪಾ ಅವರ ತಮ್ಮನ ಮಗ ಸಿಕ್ಕಿದ್ದ. ಆಪಾ ತೀರಿಕೊಂಡು ಮೂರು ತಿಂಗಳಾಯಿತು ಎಂದ. ಏನಾಗಿತ್ತು ಎಂದು ಕೇಳಿದೆ. ಏನಂತ ಹೇಳೋದು, ವಯಸ್ಸಾಗಿತ್ತು ಎಂದ. ಆಪಾ ಇದ್ದಿದ್ದರೆ ಈ ಉತ್ತರವನ್ನು ಒಪ್ಪುತ್ತಿರಲಿಲ್ಲ, ವಯಸ್ಸು ಕಾರಣವೋ ಅಥವಾ ಕಾರಣದ ಪಕ್ಕ ಸುಮ್ಮನೆ ನಿಂತಿತ್ತೋ ಎಂದು ಕೇಳುತ್ತಿದ್ದರು. ಕೇಳುತ್ತಿದ್ದರೇ? ಗೊತ್ತಿಲ್ಲ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ಹಾಕುವುದು ಸುಲಭ. ಮನೆಗೆ ಬಂದು, ಅವರ ಜೊತೆ ಒಡನಾಡಿದ ಆ ಎರಡು ವರ್ಷಗಳ ಡೈರಿ ತೆಗೆದು ನೋಡಿದೆ. ಅವರ ಬಗ್ಗೆ ನಾನು ಬರೆದದ್ದು ಬಹಳ ಕಡಿಮೆ ಇದೆ, ಇದ್ದದ್ದೂ ನನ್ನ ನೆನಪಿನ ಜೊತೆ ಎಲ್ಲ ಕಡೆ ಹೊಂದುವುದಿಲ್ಲ.

ಅವರ ಹೆಸರು ಬೇಡ. ನಿಪ್ಪಾಣಿಯಲ್ಲಿ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ಜೈನರ ಮನೆಯ ಮುದುಕಿಯರು ಕೂಡ. ತಂಬಾಕು ತುಂಬಿಡುವ ವಖಾರಗಳ ಹಿಂದಿನ ಓಣಿಯಲ್ಲಿ ಒಂದು ಧರ್ಮಾರ್ಥ ದವಾಖಾನೆ ಇತ್ತು. ಡಾಕ್ಟರು ವಾರದಲ್ಲಿ ಎರಡು ದಿನ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನರ್ಸ್, ಕಂಪೌಂಡರ್, ಕಸ ಗುಡಿಸುವವರು ಎಲ್ಲವೂ ಆಪಾ ಒಬ್ಬರೇ. ರಾಯಬಾಗದಿಂದ ಬಂದ ಹೊಸದರಲ್ಲಿ ತಂಬಾಕಿನ ಘಾಟಿಗೆ ದಿನವಿಡೀ ಸೀನುತ್ತಿದ್ದರಂತೆ. ಆಮೇಲೆ ರೂಢಿಯಾಗಿ, ರಜೆಗೆ ರಾಯಬಾಗಕ್ಕೆ ಹೋದರೆ ಅಲ್ಲಿನ ಸ್ವಚ್ಛ ಗಾಳಿಗೆ ಸೀನು ಬರುತ್ತದೆ ಎನ್ನುತ್ತಿದ್ದರು. ಈ ಮಾತು ಅವರದೋ, ಅವರ ಬಗ್ಗೆ ನಮ್ಮಪ್ಪ ಹುಟ್ಟಿಸಿದ್ದೋ, ಈಗ ಹೇಳಲಾರೆ.

ಖಚಿತವಾಗಿ ನೆನಪಿರುವುದು ಅವರ ಹೆಬ್ಬೆರಳು. ಯಾರೇ ಎದುರಿಗೆ ಬಂದರೂ ಮಾತಿಗೆ ಮೊದಲು ಅವರ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರನ ರೆಪ್ಪೆಗೂ ಕೈ ಹಾಕಿದ್ದರು. ತೂಕದ ಯಂತ್ರವನ್ನು ಹಳೆಯ ಸೀರೆಯ ಚೀಲದಲ್ಲಿ ಹೊತ್ತುಕೊಂಡೇ ಊರೂರು ಹೋಗುತ್ತಿದ್ದರು. ಹೋದಲ್ಲಿ ಅದನ್ನು ನೆಲಕ್ಕಿಟ್ಟು ಮೊದಲು ತಾವೇ ಹತ್ತಿ ನಿಲ್ಲುವರು. ತಮ್ಮ ತೂಕ ನಿನ್ನೆಯಷ್ಟೇ ತೋರಿಸಿದರೆ ಯಂತ್ರ ಸರಿಯಿದೆ ಎಂದರ್ಥ. ಹೆಂಗಸರ ಕಾಲ್ಗಡಗ, ಕೈಯ ಪಾಟಲಿ ತೆಗೆಸಿ ತಟ್ಟೆಯಲ್ಲಿಡುತ್ತಿದ್ದರು. ಬೆಳ್ಳಿ ಮತ್ತು ಬಂಗಾರ ಮೈಗೆ ಹತ್ತಿದ ತೂಕವಲ್ಲ ಎಂದು ಅವರ ವಾದ.

ಇನ್ನೊಂದು, ಅವರ ವಹಿ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಪುಟದ ನಡುವೆ ಉದ್ದಗೆರೆ ಹಾಕಿ ಎರಡು ಭಾಗ ಮಾಡಿದ್ದರು. ಒಂದರ ಮೇಲೆ ‘ಕಂಡದ್ದು’, ಇನ್ನೊಂದರ ಮೇಲೆ ‘ಕೇಳಿದ್ದು’. ತೂಕ, ರೆಪ್ಪೆಯ ಬಣ್ಣ, ಬೆರಳು ಚುಚ್ಚಿ ತೆಗೆದ ರಕ್ತದ ಬಣ್ಣ ಮೊದಲನೆಯದರಲ್ಲಿ. ತಲೆ ಸುತ್ತುತ್ತದೆ, ಊಟ ಸೇರುವುದಿಲ್ಲ, ಔಷಧ ಕುಡಿದೆ, ಇವೆಲ್ಲ ಎರಡನೆಯದರಲ್ಲಿ. ರಕ್ತದ ಹನಿಯನ್ನು ಒಂದು ಕಾಗದಕ್ಕೆ ಒತ್ತಿ, ಕೆಂಪಿನ ಬೇರೆ ಬೇರೆ ಛಾಯೆಗಳಿದ್ದ ಪಟ್ಟಿಯ ಪಕ್ಕ ಹಿಡಿದು, ಯಾವುದಕ್ಕೆ ಹೊಂದುತ್ತದೆ ನೋಡುತ್ತಿದ್ದರು. ಅದನ್ನು ಕಿಟಕಿಯ ಬೆಳಕಿನಲ್ಲಿ, ಮಧ್ಯಾಹ್ನದೊಳಗೇ ನೋಡಬೇಕು. ಮೋಡ ಕವಿದರೆ ಆ ದಿನ ನೋಡುತ್ತಿರಲಿಲ್ಲ.

ನಾನು ಆಗಷ್ಟೇ ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಮ್ಮೂರು ನಿಪ್ಪಾಣಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೈಯಲ್ಲಿ ಕ್ಯಾಲ್ಕ್ಯುಲೇಟರ್ ಇತ್ತು, ಲೆಕ್ಕ ಹಾಕಲು ಏನೂ ಇರಲಿಲ್ಲ.

ನಮ್ಮ ಜೈನರಲ್ಲಿ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಶಕ್ತಿಯಿದ್ದವರು ಹತ್ತೂ ದಿನ ಬರೀ ಕಾಸಿದ ನೀರಿನ ಮೇಲೆ ಉಪವಾಸ ಮಾಡುತ್ತಾರೆ. ಆಗದವರು ಐದು ದಿನ, ಮೂರು ದಿನ, ಅದೂ ಆಗದಿದ್ದರೆ ದಿನಕ್ಕೊಂದೇ ಊಟದ ಏಕಾಸನ. ಮುಗಿದ ಮೇಲೆ ಪಾರಣೆ, ಉಪವಾಸ ಮಾಡಿದವರಿಗೆ ಉಡುಗೊರೆ, ಬ್ಯಾಂಡಿನೊಡನೆ ಮೆರವಣಿಗೆ. ಆ ವರ್ಷ ತಂಬಾಕಿನ ಸಾವಕಾರರೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಹೊಸದೊಂದು ಶುರುಮಾಡಿದರು. ಉಪವಾಸ ಮಾಡಿದ ಪ್ರತಿ ಹೆಂಗಸಿಗೂ ತಿಂಗಳಿಗೊಂದರಂತೆ ಮೂರು ಬಾಟಲಿ ಕೆಂಪು ಟಾನಿಕ್. ಕಬ್ಬಿಣದ ಅಂಶ ಇರುವಂಥದ್ದು, ರಕ್ತ ಏರಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಪಾರಣೆಯ ಮರುದಿನ ಬಸದಿಯ ಪಕ್ಕದ ಸಭಾಗೃಹದಲ್ಲಿ ಹಂಚಿದರು. ಅಲ್ಲೇ ಆಪಾ ಎಲ್ಲರ ತೂಕ, ರಕ್ತ ನೋಡಿ ಬರೆದುಕೊಂಡರು. ಮೂರು ತಿಂಗಳ ಮೇಲೆ ಮತ್ತೆ ನೋಡಿದರು. ಟಾನಿಕ್ ಕುಡಿದಿರಾ ಎಂದು ಕೇಳಿದ್ದಕ್ಕೆ ಎಲ್ಲರೂ ಹೌದು ಎಂದರು.

ಆ ವಹಿಯನ್ನು ಸಾವಕಾರರು ನನ್ನ ಕೈಗಿಟ್ಟು, ಓದಿದವನು ನೀನು, ಗುಣ ಬಂತೋ ಇಲ್ಲವೋ ಹೇಳು ಎಂದರು. ಒಂದು ವಾರ ಕೂತೆ. ಒಂದಿಬ್ಬರನ್ನು ಬಿಟ್ಟರೆ ಎಲ್ಲರ ತೂಕವೂ ಏರಿತ್ತು. ತಲೆಸುತ್ತು ನಿಂತಿತ್ತು. ಇದು ಆಕಸ್ಮಿಕವಾಗಿ ಆಗುವಂಥದ್ದಲ್ಲ ಎಂದು ಸೂತ್ರ ಹಾಕಿ ತೋರಿಸಿದೆ. ರಕ್ತದ ಬಣ್ಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಾಗದದ ಮೇಲೆ ಕಣ್ಣಿನಿಂದ ಅಳೆದದ್ದು, ಅಷ್ಟು ನಂಬುವಂತಿಲ್ಲ ಎಂದು ಆ ಕಾಲಮ್ಮನ್ನು ಬಿಟ್ಟೆ. ಬಿಡುವಾಗ ನನಗೆ ಅಳುಕು ಇತ್ತೇ? ಡೈರಿಯಲ್ಲಿ ‘ರಕ್ತದ ಅಳತೆ ಕೈಬಿಟ್ಟೆ, ಸರಿ ಅನಿಸಿತು’ ಎಂದಿದೆ. ಸರಿ ಅನಿಸಿದ್ದರೆ ಹಾಗೆಂದು ಬರೆದುಕೊಳ್ಳುವ ಅಗತ್ಯವೇನಿತ್ತು?

ಮಹಾವೀರ ಜಯಂತಿಯ ದಿನ ವೇದಿಕೆಯ ಮೇಲೆ ನಿಂತು, ಟಾನಿಕ್ಕಿನಿಂದ ಗುಣ ಬಂದಿದೆ ಎಂಬ ಆ ಲೆಕ್ಕವನ್ನು ಓದಿದೆ. ಚಪ್ಪಾಳೆ ಬಿತ್ತು. ಕೆಳಗೆ ಕೂತವರಲ್ಲಿ ನಮ್ಮಕ್ಕ ಇದ್ದಳು.

ಅಕ್ಕನನ್ನು ಬೋರಗಾಂವಕ್ಕೆ ಕೊಟ್ಟಿತ್ತು, ಪವರ್‌ಲೂಮ್ ಇದ್ದ ಮನೆ. ಎರಡು ಹೆರಿಗೆಯ ಮೇಲೆ ಅವಳು ಬಿಳಿಚಿಕೊಂಡಿದ್ದಳು. ಎರಡು ಮೆಟ್ಟಿಲು ಹತ್ತಿದರೆ ಕೂರುತ್ತಿದ್ದಳು. ಹಿಂದಿನ ವರ್ಷ ಮೂರು ದಿನದ ಉಪವಾಸವನ್ನೂ ಮುಗಿಸಲಾಗದೆ ಬಚ್ಚಲಲ್ಲಿ ಕುಸಿದಿದ್ದಳು, ಹಾಗಾಗಿ ಬಾಟಲಿ ಸಿಕ್ಕಿರಲಿಲ್ಲ; ಆಗ ಆಪಾ ನೋಡಿ ಅವಳ ರಕ್ತದ ಬಣ್ಣವನ್ನು ವಹಿಯಲ್ಲಿ ಬರೆದುಕೊಂಡಿದ್ದರು. ಆದರೂ ಈ ಸಲ ಹತ್ತು ದಿನದ ಉಪವಾಸ ಮಾಡುತ್ತೇನೆಂದು ಹಠ ಹಿಡಿದಿದ್ದಳು, ಮನೆಯವರು ಬೇಡವೆನ್ನುತ್ತಿದ್ದರು. ಅವಳ ನೆಗೆಣ್ಣಿ, ಅಂದರೆ ವಾರಗಿತ್ತಿ, ಅದಾಗಲೇ ಹತ್ತು ದಿನ ಮಾಡಿ ಮೆರವಣಿಗೆಯಲ್ಲಿ ಕೂತು ಬಂದಿದ್ದಳು ಎಂಬುದನ್ನೂ ಹೇಳಬೇಕು. ನನ್ನ ಭಾಷಣದ ಮೇಲೆ ಮನೆಯವರು ಮೆತ್ತಗಾದರು. ಎರಡು ತಿಂಗಳು ಟಾನಿಕ್ ಕುಡಿದು ಆಮೇಲೆ ಉಪವಾಸಕ್ಕೆ ಕೂತರಾಯಿತು ಎಂದು ತೀರ್ಮಾನವಾಯಿತು. ಸಾವಕಾರರು ಬಾಟಲಿ ಕಳಿಸಿದರು. ಅಕ್ಕ ಆಷಾಢದಿಂದ ಶುರುಮಾಡಿದಳು. ನಾನು ಹೆಮ್ಮೆಪಟ್ಟೆ. ಈ ಹೆಮ್ಮೆಗೆ ಡೈರಿಯಲ್ಲಿ ಒಂದು ಪುಟ ಪೂರ್ತಿ ಇದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಆಪಾ ವಹಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ರಕ್ತದ ಕಾಲಮ್ ತೆಗೆದು ನನ್ನ ಮುಂದಿಟ್ಟರು.

“ಇದನ್ನ ಯಾಕ ಬಿಟ್ರಿ ಸರ?”

ಕಾಗದದ ಅಳತೆ ಒರಟು ಎಂದು ವಿವರಿಸಿದೆ.

“ಒರಟ ಅನ್ನೂದು ಖರೇ. ಆದ್ರ ಟಾನಿಕ್ ಮಾಡೂದು ರಕ್ತಕ್ಕಲ್ರಿ? ತೂಕ ಏರ್ತು ಅಂದ್ರ, ಈದ್ ಆದ ಮ್ಯಾಲ ನಾನೂ ಏರ್ತೀನಿ. ಯಾರ ಟಾನಿಕ್ಕೂ ಕುಡೀದನ.”

ಪ್ರತಿ ರಮಜಾನಿನಲ್ಲೂ ದಿನಾ ತಮ್ಮ ತೂಕ ಬರೆದಿಡುವ ಅಭ್ಯಾಸ ಅವರಿಗಿತ್ತು. ಉಪವಾಸದ ಕೊನೆಗೆ ತೂಗಿ, ಮೂರು ತಿಂಗಳು ಉಂಡ ಮೇಲೆ ಮತ್ತೆ ತೂಗಿದರೆ ಯಾರು ತಾನೇ ಏರಿರುವುದಿಲ್ಲ? ಪಾರಣೆಯ ಮರುದಿನ ಬಾಟಲಿ ಹಂಚುವ ಪದ್ಧತಿಯಾದ್ದರಿಂದ ಅಂದೇ ಅಳೆದದ್ದು ತಮ್ಮ ತಪ್ಪು ಎಂದರು. ನನ್ನ ತಪ್ಪು ಎಂದು ಅವರು ಹೇಳಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ನನ್ನ ತಲೆಯ ಮೇಲೆ ಗೋಡೆಯಲ್ಲಿದ್ದ ಮಾಡಿಗೆ, ಆ ಗೂಡಿಗೆ, ಹೋಯಿತು. ಅಲ್ಲಿ ಕೊಡೆ, ಹಳೆಯ ಪಂಚಾಂಗ, ಅದರ ಪಕ್ಕ ಮೂರು ಟಾನಿಕ್ ಬಾಟಲಿ. ಎದ್ದು ಒಂದನ್ನು ಇಳಿಸಿ ಮುಚ್ಚಳ ನೋಡಿದರು. ಸೀಲು ಒಡೆದಿರಲಿಲ್ಲ.

ನೀರು ತಂದ ಅವ್ವ ಬಾಗಿಲಲ್ಲೇ ನಿಂತಳು. ಹಿಂದಿನ ಪರ್ವದಲ್ಲಿ ಅವ್ವ ಐದು ದಿನ ಉಪವಾಸ ಮಾಡಿದ್ದಳು. ವಹಿಯಲ್ಲಿ ಅವಳ ಹೆಸರಿನ ಮುಂದೆ ‘ಕುಡಿದಿದ್ದಾರೆ’ ಎಂದಿತ್ತು, ಅವಳ ತೂಕವನ್ನೂ ಸೇರಿಸಿಯೇ ನಾನು ಸರಾಸರಿ ತೆಗೆದಿದ್ದೆ.

“ಅವ್ವಾರ, ಕುಡದೀನಿ ಅಂದಿದ್ರಲ್ರಿ?”

“ಅದರಾಗ ಜೇನ ಹಾಕ್ತಾರಂತ ಮಂದಿ ಅಂದ್ರು. ನಮಗ ಜೇನ ನಡ್ಯಾಂಗಿಲ್ಲ. ಕೊಟ್ಟಾವ್ರ ಮಾರಿ ಮುರಿಬಾರ್ದಂತ ಇಸ್ಗೊಂಡ್ನಿ.”

“ಮತ್ತ ನನ್ನ ಮುಂದ ಯಾಕ ಹಂಗಂದ್ರಿ?”

“ನೀವ ಅಷ್ಟ ಪ್ರೀತಿಲೆ ಕೇಳಿದ್ರಿ. ಇಲ್ಲಂತ ಹ್ಯಾಂಗ ಅನ್ಲಿ?”

ಆಪಾ ನಗಲಿಲ್ಲ ಎಂದು ನನ್ನ ನೆನಪು. ನಕ್ಕರು, ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು ಎಂದು ಅವ್ವ ಹೇಳುತ್ತಿದ್ದಳು. ಟಾನಿಕ್‌ನಲ್ಲಿ ಜೇನು ಇತ್ತೇ ಎಂದು ಆಪಾ ಲೇಬಲ್ಲನ್ನು ಕಿಟಕಿಗೆ ಹಿಡಿದು ಓದಿದರು. ಹೆಸರಿರಲಿಲ್ಲ. ಬರೆದಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದು ಹೇಳಲಾರೆ ಎಂದು ಬಾಟಲಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟರು.

ಆ ಬಾಟಲಿಗಳು ಪಡಸಾಲೆಯಲ್ಲಿದ್ದದ್ದು ಏಕೆಂದರೆ, ಜೇನಿನ ಅನುಮಾನವಿದ್ದದ್ದನ್ನು ಅವ್ವ ಅಡುಗೆಮನೆಗೆ ಸೇರಿಸುವಂತಿರಲಿಲ್ಲ. ಆಪಾ ಕೂತಿದ್ದೂ ಪಡಸಾಲೆಯಲ್ಲೇ. ಅವರನ್ನೂ ನಾವು ಒಳಗೆ ಕರೆಯುತ್ತಿರಲಿಲ್ಲ. ಇದನ್ನು ಆಗ ಯೋಚಿಸಿರಲಿಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಮರುದಿನದಿಂದ ನಾವಿಬ್ಬರೂ ನಿಪ್ಪಾಣಿ, ಅಕ್ಕೋಳದ ಮನೆಗಳಿಗೆ ಹೊರಟೆವು. ಕುಡಿದಿರಾ ಎಂದು ಆಪಾ ಯಾರನ್ನೂ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತು ಪಡಸಾಲೆಯ ಮಾಡು, ಗೂಟ, ಕಪಾಟಿನ ತಲೆ ನೋಡುತ್ತಿದ್ದರು. “ಅಡಿಗಿಮನ್ಯಾಗ ಇದ್ರ ಕುಡದಾರ, ಹೊರಗ ಇದ್ರ ಕುಡದಿಲ್ಲ” ಎಂದು ನನಗೆ ಮೆಲ್ಲಗೆ ಹೇಳಿದರು. ಒಂದು ಮನೆಯಲ್ಲೂ ಈ ಲೆಕ್ಕ ತಪ್ಪಲಿಲ್ಲ. ಒಂದು ಮನೆಯಲ್ಲಿ ಮೂರೂ ಬಾಟಲಿಗಳನ್ನು ದಾರದಿಂದ ಕಟ್ಟಿ, ಬಾಗಿಲು ಬಡಿಯದಂತೆ ಒತ್ತಾಗಿ ಇಟ್ಟಿದ್ದರು. ಹೆಚ್ಚುಕಡಿಮೆ ಅರ್ಧ ಮನೆಗಳಲ್ಲಿ ಸೀಲು ಹಾಗೇ ಇತ್ತು. ಆ ಅರ್ಧದವರ ತೂಕವೂ ಏರಿತ್ತು, ಕುಡಿದವರಿಗಿಂತ ತುಸು ಹೆಚ್ಚೇ ಏರಿತ್ತು.

ಹಿಂದಿನ ವಾರದ ತನಕ ಟಾನಿಕ್ಕಿನ ಪರವಾಗಿದ್ದ ನಾನು ಕೊನೆಯ ದಿನದ ಸಂಜೆಗೆ ಅದರ ಕಡು ವಿರೋಧಿಯಾದೆ. ಕುಡಿಯದವರೇ ಚೆನ್ನಾಗಿದ್ದಾರೆ, ಟಾನಿಕ್ ಬರೀ ಬಣ್ಣದ ನೀರು, ಇದನ್ನೂ ವೇದಿಕೆಯ ಮೇಲೆ ಹೇಳುತ್ತೇನೆ ಎಂದೆ. ಅಕ್ಕೋಳದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಆಪಾ ತೂಕದ ಯಂತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

“ಜೇನ ಬ್ಯಾಡ ಅನ್ನಾವ್ರ ಮನ್ಯಾಗ ತುಪ್ಪ ಇರತೈತ್ರಿ ಸರ.”

ನನಗೆ ತಕ್ಷಣ ತಿಳಿಯಲಿಲ್ಲ. ಕಟ್ಟುನಿಟ್ಟಾಗಿ ಆಚಾರ ಪಾಲಿಸುವ ಮನೆಗಳು ಉಳ್ಳವರ ಮನೆಗಳು, ಹಾಲು ಹೈನು ಇದ್ದವು, ಅವರು ಏರುವುದು ಸಹಜ ಎಂದು ಅವರೇ ಬಿಡಿಸಿ ಹೇಳಿದರು. ದಿನಗೂಲಿಗೆ ವಖಾರಕ್ಕೆ ಹೋಗುವ ಹೆಂಗಸರು ಜೇನಿನ ಚಿಂತೆ ಮಾಡದೆ ಕುಡಿದಿದ್ದರು. ಇವರನ್ನು ಅವರ ಪಕ್ಕ ನಿಲ್ಲಿಸಿ ತೂಗುವುದು ಹೇಗೆ? ಹಾಗಾದರೆ ಟಾನಿಕ್ ಗುಣ ಮಾಡುತ್ತದೋ ಇಲ್ಲವೋ ಎಂದು ಸಿಟ್ಟಿನಿಂದಲೇ ಕೇಳಿದೆ. ಈ ವಹಿಯಿಂದ ಎರಡೂ ಹೇಳಲು ಬರುವುದಿಲ್ಲ ಎಂದರು. ಧಾರವಾಡದಲ್ಲಿ ಎರಡು ವರ್ಷ ಓದಿ ನಾನು ಕಲಿಯದ ಪಾಠ ಅದು ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಅದು ಸುಳ್ಳು. ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ನಮ್ಮ ಮನೆಯ ಮಾಡಿನಲ್ಲಿ ಅದು ಕೂತಿರಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಪರ್ವಕ್ಕೆ ಹತ್ತು ಹನ್ನೆರಡು ದಿನ ಉಳಿದಿತ್ತು. ಅಕ್ಕನಿಗೆ ನಾನು ಹೇಳುತ್ತೇನೆ ಎಂದೆ. ಬೇಡ, ವಹಿ ನನ್ನದು, ನಾನೂ ಬರುತ್ತೇನೆ ಎಂದು ಬೋರಗಾಂವಕ್ಕೆ ಬಂದರು. ಮನೆಯ ಹಿಂದೆ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಪ್ರತಿ ಮಾತನ್ನೂ ಕೂಗಿ ಹೇಳಬೇಕು, ಗುಟ್ಟೆಂಬುದೇ ಸಾಧ್ಯವಿಲ್ಲದ ಮನೆ ಅದು. ಅಕ್ಕ ನಗುತ್ತಲೇ ಬಂದಳು. ಎರಡು ಬಾಟಲಿ ಮುಗಿಸಿದ್ದೇನೆ, ಬಹಳ ಹಗುರ ಅನಿಸುತ್ತಿದೆ ಎಂದಳು. ಅವಳು ಜೇನಿನ ಮಾತು ಕೇಳಿದ್ದಳೋ ಇಲ್ಲವೋ, ನನ್ನ ಮೇಲಿನ ನಂಬಿಕೆಯಿಂದ ಕುಡಿದಿದ್ದಳು. ಆಪಾ ಅವಳನ್ನು ಬೆಳಕಿಗೆ ಕರೆದು ರೆಪ್ಪೆ ನೋಡಿದರು, ಬೆರಳು ಚುಚ್ಚಿ ಕಾಗದ ಒತ್ತಿದರು. ಪಟ್ಟಿಯ ಪಕ್ಕ ಹಿಡಿದು, ಹಳೆಯ ವಹಿ ತೆಗೆದು ಹೋದ ವರ್ಷ ಬರೆದ ಛಾಯೆಯೊಡನೆ ಹೋಲಿಸಿದರು. ಬಣ್ಣ ಅದೇ ಇತ್ತು, ತೆಳು.

“ಅಕ್ಕಾರ, ತಮ್ಮಾರು ಓದಿ ಹೇಳಿದ್ದು ನನ್ನ ವಹಿ ನೋಡಿ. ನನ್ನ ವಹಿನ ತಪ್ಪೈತಿ. ಅದನ್ನ ನಂಬಿ ಉಪಾಸಕ್ಕ ಕುಂದರಬ್ಯಾಡ್ರಿ.”

“ಅಂದ್ರ ಟಾನಿಕ್ ಸುಳ್ಳೇನ?”

“ಸುಳ್ಳೋ ಖರೇನೋ ನನಗ ತಿಳೀವಲ್ದು. ನಿಮ್ಮ ರಕ್ತ ಕಡಿಮಿ ಐತಿ, ಇದಷ್ಟ ಕಂಡೈತಿ. ಮಿರಜಿಗೆ ಹೋಗಿ ದೊಡ್ಡ ದವಾಖಾನ್ಯಾಗ ತೋರಸ್ರಿ. ದೇವರ ಮ್ಯಾಲ ಭಾರ ಹಾಕಿ ಕುಂದರ್ತೀನಂದ್ರ ನಾ ಅಡ್ಡ ಬರಾಂಗಿಲ್ಲ, ನಾನೂ ರೋಜಾ ಹಿಡಿಯಾಕಿ. ನನ್ನ ವಹಿ ಮ್ಯಾಲ ಭಾರ ಹಾಕಬ್ಯಾಡ್ರಿ.”

ಅಕ್ಕ ನನ್ನ ಕಡೆ ತಿರುಗಿದಳು. “ನಾಕ ಮಂದ್ಯಾಗ ನಿಂತ ಓದೀದಿ. ಹಂಗಾರ ಅವತ್ತ ಏನ ಓದೀದಿ ತಮ್ಮಾ?”

ತಪ್ಪಾಯಿತು ಅಕ್ಕಾ ಎಂದು ನಾನು ಎಲ್ಲರೆದುರು ಹೇಳಿದೆ. ಇದು ನನ್ನ ನೆನಪು, ಇಷ್ಟು ವರ್ಷ ಇದನ್ನೇ ನಂಬಿಕೊಂಡಿದ್ದೇನೆ. ಮೊನ್ನೆ ಡೈರಿ ತೆಗೆದರೆ ಆ ದಿನದ ಕೆಳಗೆ ಹೀಗಿದೆ: ‘ಬೋರಗಾಂವಕ್ಕೆ ಹೋಗಿ ಬಂದೆ. ಆಪಾ ಹೇಳಿದರು. ನಾನು ಮಗ್ಗ ನೋಡುತ್ತ ನಿಂತಿದ್ದೆ.’

ಅಕ್ಕ ಹತ್ತು ದಿನದ ಉಪವಾಸ ಮಾಡಲಿಲ್ಲ. ಮಿರಜಿಗೆ ಹೋದಳು. ಹೊಟ್ಟೆಯಲ್ಲಿ ಹುಳುವಿದೆ ಎಂದು ಔಷಧ ಕೊಟ್ಟರು, ಕಬ್ಬಿಣದ ಗುಳಿಗೆಯನ್ನೂ ಕೊಟ್ಟರು. ಪರ್ವದಲ್ಲಿ ದಿನಕ್ಕೊಂದು ಊಟದ ಏಕಾಸನ ಮಾಡಿ, ಮೆರವಣಿಗೆಯ ದಿನ ನೆಗೆಣ್ಣಿಯ ಆರತಿ ತಟ್ಟೆ ಹಿಡಿದು ಹಿಂದೆ ನಡೆದಳು. ವರ್ಷದೊಳಗೆ ಮುಖಕ್ಕೆ ಬಣ್ಣ ಬಂತು. ಹುಳು ಹೋದದ್ದಕ್ಕೋ, ಗುಳಿಗೆಗೋ, ಸಣ್ಣವನು ಮೊಲೆ ಬಿಟ್ಟದ್ದಕ್ಕೋ? ಎಲ್ಲ ಒಂದೇ ಹೊತ್ತಿಗೆ ಆಗಿದ್ದರಿಂದ ಬೇರೆ ಮಾಡಲು ಬರುವುದಿಲ್ಲ ಎಂದು ಆಪಾ ಬಹಳ ಬೇಸರಪಟ್ಟುಕೊಂಡರು. ಗುಣವಾದವಳನ್ನು ನೋಡಿ ಹೀಗೆ ಬೇಸರಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಸಾವಕಾರರ ಬಳಿಯೂ ಆಪಾ ತಾವೇ ಹೋಗಿ ವಹಿಯ ತಪ್ಪನ್ನು ಹೇಳಿಬಂದರು. ಅವರು ಬಯ್ಯಲಿಲ್ಲ. ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಕೊಡುವುದು ನನ್ನ ಧರ್ಮ ಎಂದರಂತೆ. ಬಾಟಲಿಗಳನ್ನು ಆಮೇಲೂ ಹಲವು ವರ್ಷ ಹಂಚಿದರು. ನನ್ನನ್ನು ಮಾತ್ರ ಮತ್ತೆ ಓದಲು ಕರೆಯಲಿಲ್ಲ. ಆಪಾ ಮುಂದಿನ ವರ್ಷ ಪಾರಣೆಯ ಮರುದಿನ ತೂಗಲು ಒಪ್ಪದೆ, ಪರ್ವಕ್ಕೆ ಒಂದು ತಿಂಗಳ ಮೊದಲೇ ಮನೆ ಮನೆಗೆ ಯಂತ್ರ ಹೊತ್ತರು. ಆ ವಹಿ ಏನಾಯಿತು, ಅದರಲ್ಲಿ ಏನು ಕಂಡಿತು, ನನಗೆ ತಿಳಿಯದು. ಅಷ್ಟರಲ್ಲಿ ನಾನು ಅಥಣಿಯ ಕಾಲೇಜಿಗೆ ಹೋಗಿದ್ದೆ. ಅವರು ನಿವೃತ್ತರಾಗಿ ರಾಯಬಾಗಕ್ಕೆ ಹೋದ ಸುದ್ದಿಯೂ ತಡವಾಗಿ ತಿಳಿಯಿತು. ಅಥಣಿಯಿಂದ ರಾಯಬಾಗ ಏನು ದೂರ? ಹೋಗಲಿಲ್ಲ.

ಚಿಕ್ಕೋಡಿಯಿಂದ ಬಂದ ಮರುದಿನ ಬೋರಗಾಂವಕ್ಕೆ ಹೋಗಿ ಅಕ್ಕನಿಗೆ ಆಪಾ ಹೋದ ಸುದ್ದಿ ಹೇಳಿದೆ. ಈಗ ಅವಳು ಅತ್ತೆಯಾಗಿದ್ದಾಳೆ, ದಪ್ಪಗಾಗಿದ್ದಾಳೆ. ಆ ಹತ್ತು ದಿನದ ಉಪವಾಸವನ್ನು ಮುಂದೆ ಯಾವ ವರ್ಷವೂ ಮಾಡಲಾಗಲಿಲ್ಲ, ಒಂದಲ್ಲ ಒಂದು ಅಡ್ಡಿ ಬಂತು. ಆ ಮಾತು ಎತ್ತಿದರೆ ಇಂದಿಗೂ ಅವಳ ಮುಖ ಬಿಗಿಯುತ್ತದೆ. ಅಂದು ಅವಳೇ ಆ ಮಾತು ಎತ್ತಿದಳು.

“ಆ ವರ್ಷ ನಾ ಕುಂತಿದ್ರ ಏನಾಗತಿತ್ತ ತಮ್ಮಾ? ಖರೇನ ಸಾಯತಿದ್ನೇನು, ಇಲ್ಲಾ ಮುಗಿಸಿ ಏಳತಿದ್ನೋ?”

ನಾನು ಯೋಚಿಸಿದೆ. ರಕ್ತದ ಬಣ್ಣ, ಬಚ್ಚಲಲ್ಲಿ ಕುಸಿದದ್ದು, ಅವಳಿಗಿಂತ ಬಡಕಲಾದವರು ಹತ್ತು ದಿನ ಮುಗಿಸಿದ್ದು, ಎಲ್ಲ ಕೂಡಿಸಿ ಕಳೆದು ನೋಡಿದೆ. ಗೊತ್ತಿಲ್ಲ ಅಕ್ಕಾ ಎಂದೆ.

“ಆಪಾಗೂ ಇದನ್ನ ಕೇಳಿದ್ದೆ” ಎಂದಳು. “ಅವರೂ ಗೊತ್ತಿಲ್ಲ ಅಂದಿದ್ರು. ಅವರಂದಾಗ ಸಮಾಧಾನ ಆಗಿತ್ತು. ನೀ ಅಂದ್ರ ಯಾಕೋ ಸಿಟ್ಟ ಬರತೈತಿ.”